ದಾರದಲ್ಲಿ ಕಟ್ಟಿದ ಟೊಮೇಟೊ

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದ್ದೇ ತಡ, ಸ್ಪಿರುವಿನ ಕೈಗಳು ತಮ್ಮಷ್ಟಕ್ಕೆ ತಾವೇ ಬುಟ್ಟಿಯ ಟೊಮೇಟೊಗಳನ್ನು ತಾರಸಿಯ ಗಾಂಜಾ ಗಿಡಗಳಿಗೆ ದಾರದಿಂದ ಕಟ್ಟತೊಡಗಿದವು. ಮೂವತ್ತು ವರ್ಷ, ಪೊಲೀಸರು ಬಂದಾಗಲೆಲ್ಲ ಮಾಡಿದ ಕೆಲಸ. ಮೂರನೆಯ ಹಣ್ಣು ಕಟ್ಟುವಾಗ ನೆನಪಾಯಿತು: ಮಾಲ್ಟಾದಲ್ಲಿ ಈಗ ಗಾಂಜಾ ಬೆಳೆಯುವುದು ಅಪರಾಧವಲ್ಲ. ಬರುತ್ತಿರುವವಳು ಪರವಾನಗಿ ಕೊಡುವ ಅಧಿಕಾರಿ, ಅವಳನ್ನು ಕರೆಸಿದವನು ತಾನೇ. ಇವತ್ತು ಅವಳು ಒಪ್ಪಿದರೆ ಸದಸ್ಯರಿಗಾಗಿ ಗಾಂಜಾ ಬೆಳೆಯುವ ಊರಿನ ಹೊಸ ಸಂಘಕ್ಕೆ ಅವನೇ ತೋಟಗಾರ. ಅರವತ್ತರ ಮುದುಕನಿಗೆ ಇನ್ನ್ಯಾರು ಕೆಲಸ ಕೊಡುತ್ತಾರೆ? ಗಾಬರಿಯಿಂದ ಬಿಚ್ಚಲು ಹೋದ. ಗಂಟು ಬಿಗಿದುಕೊಂಡಿತ್ತು.

“ಏನ್ರೀ ಇದು?” ಅಧಿಕಾರಿ ರೊಮಿನಾ ಬಾಗಿಲಲ್ಲೇ ನಿಂತಳು.

ಸ್ಪಿರು ಬಾಯಿ ತೆರೆಯುವ ಮೊದಲೇ ಪಕ್ಕದ ತಾರಸಿಯ ಜೀಜಾ ಮುದುಕಿ ಒಣಹಾಕಿದ ಬಟ್ಟೆಗಳ ನಡುವೆ ತಲೆ ತೂರಿಸಿದಳು. “ಟೊಮೇಟೊ ಕಣಮ್ಮಾ! ಬರೀ ಟೊಮೇಟೊ! ಬೇಕಿದ್ರೆ ಮಾತೆ ಮರಿಯಮ್ಮನ ಮೇಲೆ ಆಣೆ ಮಾಡ್ತೀನಿ!”

“ಬಾಯ್ಮುಚ್ಚೇ ಜೀಜಾ! ಇವತ್ತು ಗಾಂಜಾ ಅಂತ್ಲೇ ಹೇಳ್ಬೇಕು!”

“ಅಯ್ಯೋ, ತಲೆ ಕೆಟ್ಟಿದ್ಯೇನೋ ನಿಂಗೆ? ಒಳಗೆ ಹಾಕ್ತಾರೆ!”

ರೊಮಿನಾ ನಿಯಮಪುಸ್ತಕ ತೆರೆದು ಒಂದೇ ಸಾಲನ್ನು ಎರಡು ಸಲ ಓದಿದಳು. ಗಿಡ ನೋಡಿದಳು, ಜೀಜಾಳನ್ನು ನೋಡಿದಳು. “ಹೊರಗಿನವರ ಕಣ್ಣಿಗೆ ಗಾಂಜಾ ಕಾಣ್ಬಾರ್ದು ಅಂತಿದೆ,” ಎಂದಳು, ತನಗೇ ನಂಬಿಕೆಯಿಲ್ಲದ ದನಿಯಲ್ಲಿ. “ನಿಮ್ಮ ತಾರಸಿಗೆ ನೋಡಿದ್ರೆ ಗೋಡೇನೇ ಇಲ್ಲ.”

“ಹಾಗಾದ್ರೆ ಬಿಚ್ಲಾ, ಬೇಡ್ವಾ ಮೇಡಂ?”

ಅವಳು ಬುಟ್ಟಿಗೆ ಕೈಹಾಕಿ, ಚೆನ್ನಾಗಿ ಕೆಂಪಾದ ಒಂದು ಹಣ್ಣು ಆರಿಸಿ ಅವನ ಕೈಗಿಟ್ಟಳು.

“ಕಟ್ಟಿ. ಬೀದಿ ಕಡೆ ಗಿಡ ಬೋಳಾಗಿದೆ.”