ಸಂಖ್ಯೆಯಿಲ್ಲದ ಎದೆಪಟ್ಟಿ

"ಒಂದ್ಸಲ ಹಾರಿಬಿಡಮ್ಮ. ಇಳಿಜಾರು ಸರಿಯಾಗಿದೆಯೋ ಇಲ್ವೋ ಗೊತ್ತಾಗ್ಲಿ. ಆಮೇಲೆ ಹುಡುಗರನ್ನ ಬಿಡ್ತೀವಿ," ಎಂದ ಸ್ಪರ್ಧೆಯ ಮುಖ್ಯಸ್ಥ ಆರ್ನ್‌ಫಿನ್.

ಹಿಮದ ಇಳಿಜಾರಿನಲ್ಲಿ ಜಾರಿಬಂದು ದೂರಕ್ಕೆ ಹಾರುವ ಸ್ಕೀ ಜಿಗಿತದ ಗೋಪುರದ ತುದಿಯಲ್ಲಿ, ಅವನ ಪಕ್ಕದಲ್ಲೇ, ಸೋಲ್ವಿ ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿಕೊಂಡು ಕೂತಿದ್ದಳು. ಬೆಳಗಿನಿಂದ ಬೀಸಿದ ಗಾಳಿಗೆ ಕೆಳಗೆಲ್ಲ ಹಿಮ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ನಾರ್ವೆಯ ಈ ಗುಡ್ಡದಲ್ಲಿ ಹನ್ನೊಂದು ಚಳಿಗಾಲ, ಪ್ರತಿ ಸ್ಪರ್ಧೆಗೂ ಮೊದಲು ಹಾರಿ ಜಾಗ ಪರೀಕ್ಷಿಸಿದವಳು ಅವಳೇ. ಗಂಡಸರ ಎದೆಪಟ್ಟಿಯ ಮೇಲೆ ಸಂಖ್ಯೆ ಇರುತ್ತಿತ್ತು, ಅವಳದು ಬರೀ ಹಳದಿ ಬಟ್ಟೆ. ಅವಳು ಎಷ್ಟು ದೂರ ಹಾರಿದಳೆಂದು ಯಾರೂ ಅಳೆದವರಲ್ಲ. ಮುಂದಿನ ಒಲಿಂಪಿಕ್ಸ್‌ನಲ್ಲಾದರೂ ಈ ಆಟದಲ್ಲಿ ಹೆಂಗಸರಿಗೆ ಅವಕಾಶ ಕೊಡಿಸಿ ಎಂದು ಅವಳು ಬರೆದ ಅರ್ಜಿಗೆ ನಿನ್ನೆಯಷ್ಟೇ ಉತ್ತರ ಬಂದಿತ್ತು: ನೆಲಕ್ಕಿಳಿಯುವಾಗಿನ ಹೊಡೆತವನ್ನು ಹೆಂಗಸರ ಸೊಂಟ ತಡೆಯಲಾರದು. ಕೆಳಗೆ ಆರ್ನ್‌ಫಿನ್‌ನ ಸಹಿ.

ಸೋಲ್ವಿ ಬಗ್ಗಿ ಸ್ಕೀ ಬಿಚ್ಚಿದಳು. ಎದೆಪಟ್ಟಿಯನ್ನು ತಲೆಯ ಮೇಲಿಂದ ಎಳೆದು ತೆಗೆದು ಅವನ ಕೈಗೆ ತುರುಕಿದಳು.

"ಏನಿದು? ಹುಡುಗರು ಕಾಯ್ತಿದಾರೆ. ನೋಡದೆ ಬಿಟ್ಟು ಯಾರದಾದ್ರೂ ಸೊಂಟ ಮುರಿದ್ರೆ ಏನ್ ಗತಿ?"

"ನನ್ನದು ತಡೆಯಲ್ಲ ಅಂತ ನೀವೇ ಸಹಿ ಹಾಕಿದೀರಲ್ಲ," ಎಂದಳು ಸೋಲ್ವಿ, ಮೆಟ್ಟಿಲಿಳಿಯುತ್ತ. "ಗಂಡಸರದು ಗಟ್ಟಿ. ನೀವೇ ಹಾರಿ ನೋಡಿ."