ಶೇಂಗಾ ಹೊಟ್ಟಿನ ಅರಿವಳಿಕೆ

ಔಷಧಗಳಿಗೆ ಮೂಲವಾಗಿದ್ದ ನೆಲದೊಳಗಿನ ಎಣ್ಣೆ ಬತ್ತಿದ ಮೇಲೆ ಆಸ್ಪತ್ರೆಗಳು ಬೆಳೆಯ ಹೊಟ್ಟು-ಸಿಪ್ಪೆಗಳಿಂದ ಅವನ್ನು ತಾವೇ ಬೇಯಿಸಿಕೊಳ್ಳುತ್ತಿದ್ದವು. ಗದಗಿನ ಆಸ್ಪತ್ರೆಯೊಂದರ ಮೈಕ್ರೋವೇವ್ ಒಲೆ ನೋಡಿಕೊಳ್ಳುವ ಕೆಲಸ ನೀಲವ್ವನದು. ಅಂದು ಅದರಲ್ಲಿ ಶೇಂಗಾ ಹೊಟ್ಟು ಬೇಯುತ್ತಿತ್ತು. ಅದರಿಂದ ಇಳಿಯುವ ಅರಿವಳಿಕೆಗಾಗಿ ಅವಳ ತಂಗಿಯೇ ಆಪರೇಷನ್ ಮೇಜಿನ ಮೇಲೆ ನರಳುತ್ತಾ ಕಾಯುತ್ತಿದ್ದಳು.

ಒಲೆಯೊಳಗೆ ಫಟ್ಟನೆ ನೀಲಿ ಕಿಡಿ ಹಾರಿತು. ನೀಲವ್ವ ಕೂಡಲೇ ಒಲೆ ಆರಿಸಿದಳು.

"ಯಾಕ್ ಬಂದ್ ಮಾಡಿದ್ರಿ? ನಿಮ್ಮ ತಂಗೀದು ಅಪೆಂಡಿಕ್ಸ್ ಒಡ್ಯಾಕ ಬಂದೈತಿ!" ಡಾಕ್ಟರ್ ಶಕೀಲಾ ಕೂಗಿದರು.

"ಹೊಟ್ಟಿನಾಗ ಏನೋ ಕಬ್ಬಿಣ ಐತ್ರಿ ಮೇಡಂ. ಒಲಿ ಸಿಡದ್ರ ಔಷಧಾನೂ ಹೋಗ್ತೈತಿ."

ಕಾದ ಹೊಟ್ಟಿಗೆ ಬರಿಗೈ ಹಾಕಿ ತಡಕಾಡಿದಳು. ಸೇಫ್ಟಿಪಿನ್ನೊಂದು ಸಿಕ್ಕಿತು. ಒಲೆ ಮತ್ತೆ ಗುಂಯ್ಗುಟ್ಟಿತು. ಔಷಧ ಹನಿಹನಿಯಾಗಿ ಇಳಿಯಿತು. ಶಕೀಲಾ ಸೀಸೆ ಹಿಡಿದು ಓಡಿದರು.

ಎಷ್ಟೋ ಹೊತ್ತಿನ ಮೇಲೆ ಹೊರಬಂದು ನೀಲವ್ವನ ಪಕ್ಕ ಕುಸಿದು ಕುಳಿತರು.

"ಪಾರಾದ್ಲು. ಈಗ ನಿಮ್ಮ ಕೈ ತೋರಸ್ರಿ."

ಬೆರಳ ಬೊಬ್ಬೆಗಳ ಉರಿ ನೀಲವ್ವನ ಅರಿವಿಗೆ ಬಂದದ್ದು ಆಗ ಮಾತ್ರ.