ಗಾಡಿ ಬಂತು

ಊರು ಬೇಡವೆಂದರೂ ಗುಡ್ಡದ ಮೇಲೆ ಏಳು ಗಾಳಿಯಂತ್ರಗಳು ರಾಕ್ಷಸರಂತೆ ಎದ್ದು ನಿಂತವು. ಅವುಗಳ ಕಾವಲಿಗೆ ಪೊಲೀಸರು ಬಂದರು.

ಊರಿನ ಮುದುಕಿಯೊಬ್ಬಳು ಗಾಳಿಯಂತ್ರದ ಕಂಬವೊಂದಕ್ಕೆ ಕಲ್ಲೆಸೆದಳು. ಹತ್ತೇ ನಿಮಿಷದಲ್ಲಿ ನಾಲ್ಕು ಜೀಪುಗಳು ಬಂದವು.

“ಏನಬೇ, ನಿನ್ನ ಕಲ್ಲಿಗೆ ಕಂಬ ಬೀಳ್ತೈತೇನು?” ಇನ್‌ಸ್ಪೆಕ್ಟರ್ ನಕ್ಕ.

“ಹೋದ ವರ್ಷ ಮಗಳು ಹೆರಿಗಿ ಬ್ಯಾನಿ ತಿನ್ನುವಾಗ ದವಾಖಾನಿ ಗಾಡಿ ಕೇಳಿದ್ನಿರೀ ಸಾಹೇಬ್ರ. ಡೀಸೆಲ್‌ಗೆ ಸರ್ಕಾರದಾಗ ರೊಕ್ಕಿಲ್ಲ ಅಂದ್ರು. ಚಕ್ಕಡ್ಯಾಗ, ಹಾದಿ ಮ್ಯಾಲೇ, ಕೂಸಿನ ಸಂಗಾಟ ತೀರಿ ಹೋದ್ಲು.”

“ಅದಕ್ಕ ಈಗ ಸೇಡೇನು?”

“ಹೌದ್ರಿ. ಸುಡ್ರಿ ನಿಮ್ಮ ಡೀಸೆಲ್ಲು.”

“ಸೊಕ್ಕು ನೋಡು! ಜೀಪ್ ಹತ್ತು, ತಾಲೂಕಿನ ಠಾಣೆಗೆ ನಡಿ.”

“ದವಾಖಾನಿ ಎದುರಿಗಿನ ಠಾಣೆ ಅಲ್ರೀ?”

“ಅದ. ಯಾಕ?”

ಮುದುಕಿ ಬೇಲಿಯತ್ತ ತಿರುಗಿ ಕೂಗಿದಳು: “ಸೊಸೀ, ಬ್ಯಾನಿ ತಡಕೊಂಡು ಮೆಲ್ಲಕ ಬಾರವ್ವ, ಗಾಡಿ ಬಂತು!”